ಹೆಸರು ಕರೆಯದ ಬಯಲು

ನಮ್ಮೂರಿನ ಶಾಲೆಯಲ್ಲಿ ಹಾಜರಿಯನ್ನು ಹೆಸರು ಹಿಡಿದು ಕೂಗುತ್ತಿರಲಿಲ್ಲ. ಮಕ್ಕಳು ನಲವತ್ತೆರಡು, ಒಬ್ಬೊಬ್ಬರಿಗೂ ಒಂದು ಸಂಖ್ಯೆ. ನನ್ನ ಮಗಳು ಲೇವಿಯಾಳ ಸಂಖ್ಯೆ ಹದಿನೇಳು. ನಮ್ಮ ದ್ವೀಪದೇಶದ ರಾಜಧಾನಿ ಪೋರ್ಟ್ ವಿಲಾದಿಂದ ಬಂದ ಶಾಲಾ ತನಿಖಾಧಿಕಾರಿ ಇದು ಜೈಲಿನ ಪದ್ಧತಿ ಎಂದು ವರದಿ ಬರೆದ. ಕಾರಣ ಬೇರೆ ಇತ್ತು. ಶಾಲೆ ನಿಂತಿದ್ದದ್ದು ಕಡಲಂಚಿನ ಬಯಲಿನಲ್ಲಿ. ಆ ಬಯಲಿನಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ. ತೀರ ಬೇಕಾದರೆ ಚಪ್ಪಾಳೆ ತಟ್ಟುತ್ತೇವೆ, ಇಲ್ಲವೇ ಕೆಮ್ಮುತ್ತೇವೆ.

ನ್ಯೂಜಿಲೆಂಡಿನಿಂದ ಬಂದ ಭೂವಿಜ್ಞಾನಿ ರೋವೆನಾ ಅಲ್ಲಿ ಒಂಬತ್ತು ಗುಂಡಿ ತೋಡಿಸಿದಳು. ಎಂಟರಲ್ಲಿ, ಮೊಣಕಾಲಿನಷ್ಟು ಆಳದಲ್ಲಿ, ಕಪ್ಪು ಮಣ್ಣಿನ ನಡುವೆ ಬಿಳಿ ಮರಳಿನ ಪದರವಿತ್ತು. ಮರಳಿನಲ್ಲಿ ಹವಳದ ಚೂರುಗಳಿದ್ದವು. ಬೆಟ್ಟದ ಬುಡದ ಒಂಬತ್ತನೆಯದರಲ್ಲಿ ಮರಳಿರಲಿಲ್ಲ. ಸುಮಾರು ಐನೂರು ವರ್ಷದ ಹಿಂದೆ ಕಡಲು ಇಡೀ ಬಯಲಿನ ಮೇಲೆ ಹಾದುಹೋಗಿದೆ, ಶಾಲೆ ಬೆಟ್ಟಕ್ಕೆ ಹೋಗಬೇಕು ಎಂದಳು. ಆದರೆ ಊರಿನ ಮುಖ್ಯಸ್ಥ ಸಹಿ ಹಾಕದೆ ಸರ್ಕಾರ ಶಾಲೆಯನ್ನು ಕದಲಿಸುವುದಿಲ್ಲ.

ಮುಖ್ಯಸ್ಥ ಕಲ್ತೋಯಿ ಹಾಕಲಿಲ್ಲ. ಎರಡು ವರ್ಷದ ಹಿಂದೆ ಇನ್ನೊಬ್ಬ ತಜ್ಞ ಬಂದು ಇವತ್ತೇ ಸುನಾಮಿ ಅಲೆ ಬರುತ್ತದೆ ಎಂದಿದ್ದ. ಊರಿಗೆ ಊರೇ ಮೂರು ದಿನ ಬೆಟ್ಟದ ಮೇಲಿತ್ತು. ಅಲೆ ಬರಲಿಲ್ಲ. ಹಂದಿಗಳು ಬೇಲಿ ಮುರಿದು ವರ್ಷದ ಗೆಣಸನ್ನೆಲ್ಲ ತಿಂದು ಮುಗಿಸಿದವು.

“ಅವನಿಂದ ಉದ್ಧಾರ ಆಗಿದ್ದು ಹಂದಿಗಳು,” ಎಂದ ಕಲ್ತೋಯಿ, ಊರ ಸಭೆಯಲ್ಲಿ. “ಈಯಮ್ಮನ್ನೂ ನಂಬಿದ್ರೆ ಅವಕ್ಕೆ ಇನ್ನೊಂದು ಹಬ್ಬ.”

ನಾನು ಹತ್ತೊಂಬತ್ತು ವರ್ಷ ರೇಡಿಯೋದಲ್ಲಿ ಸುದ್ದಿಗಾರನಾಗಿದ್ದವನು. ಒಬ್ಬರ ಬಾಯಿಂದ ಬಂದದ್ದು ಸುದ್ದಿಯಲ್ಲ. ಇನ್ನೊಂದು ಸಾಕ್ಷಿ ಹುಡುಕಿಕೊಂಡು ವಿಲಾದ ದಾಖಲೆ ಮನೆಗೆ ಹೋದೆ. ನಲವತ್ತು ವರ್ಷದ ಹಿಂದೆ ನಮ್ಮ ಭಾಷೆ ಕಲಿಯಲು ಬಂದಿದ್ದ ವಿದ್ವಾಂಸನ ಟಿಪ್ಪಣಿ ಪುಸ್ತಕ ಅಲ್ಲಿತ್ತು. ಬಯಲಿನಲ್ಲಿ ಹಳೆಯ ಮುಖ್ಯಸ್ಥರ ಗೋರಿಗಳಿವೆ, ಅವರ ಗೌರವಕ್ಕಾಗಿ ಹೆಸರು ಕರೆಯುವುದಿಲ್ಲ ಎಂದು ಬರೆದಿದ್ದ. ಹೇಳಿದವರು ನನ್ನ ತಾತ. ಆದರೆ ಒಂಬತ್ತು ಗುಂಡಿಯಲ್ಲಿ ಒಂದು ಗೋರಿಯೂ ಸಿಕ್ಕಿರಲಿಲ್ಲ.

ಊರಿಗೇ ಹಿರಿಯಳು ಲೇನಸೇಯಿ. ಎಲ್ಲರಿಗೂ ಬುಬು, ಅಂದರೆ ಅಜ್ಜಿ. ಗೆಣಸು ತುರಿಯುತ್ತಿದ್ದವಳು ನನ್ನ ಮಾತು ಕೇಳಿ, ಆ ವಿದ್ವಾಂಸ ತಾತನನ್ನು ಎಲ್ಲಿ ನಿಂತು ಕೇಳಿದ್ದ ಎಂದಳು. ಪುಟದ ಕೆಳಗೆ ದಿನಾಂಕ, ಜಾಗ ಎರಡೂ ಇದ್ದವು. ಜಾಗ, ಬಯಲು.

ಬುಬು ನಕ್ಕಳು. “ಅಲ್ಲಿ ನಿಂತು ನಿಮ್ಮ ತಾತ ಹೆಂಗೋ ಹೇಳ್ತಾನೆ? ನಿಜವಾದ ಕತೆ ತುಂಬ ಬರೀ ಹೆಸರೇ. ಏನೋ ಒಂದು ಹೇಳಿ ಸಾಗಹಾಕಿದಾನೆ.”

ರೋವೆನಾ ಕೂಡ ಬಯಲಿನಲ್ಲೇ ನಿಂತು ಹಳೆಯ ಅಲೆಯ ಬಗ್ಗೆ ಊರವರನ್ನು ಕೇಳಿದ್ದಳು, ಯಾರೂ ಹೇಳಿರಲಿಲ್ಲ. ಮರುದಿನ ಬೆಳಗ್ಗೆ ಅವಳನ್ನೂ ಕಲ್ತೋಯಿಯನ್ನೂ ಕರೆದುಕೊಂಡು ಬುಬು ಜೊತೆ ಬೆಟ್ಟ ಹತ್ತಿದೆ.

ನೆಲ ನಡುಗಿತು, ಕಡಲು ಹಿಂದೆ ಸರಿಯಿತು ಎಂದು ಬುಬು ಶುರು ಮಾಡಿದಳು. ಮೊದಲು ಬೆಟ್ಟ ಸೇರಿದವರು ಕೆಳಗೆ ಓಡಿ ಬರುತ್ತಿದ್ದ ತಮ್ಮವರನ್ನು ಕಂಡು, ಬೇಗ ಬಾ ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರು.

“ಹೆಸರು ಕೇಳಿದ್ರೆ ಮನುಷ್ಯ ಏನ್ಮಾಡ್ತಾನೆ ಮಗಳೇ? ನಿಂತು, ಯಾರು ಅಂತ ನೋಡ್ತಾನೆ. ನಿಂತೋರೆಲ್ಲ ಹೋದ್ರು.”

ಆಮೇಲೆ ಹೆಸರುಗಳನ್ನು ಹೇಳಿದಳು. ಎಣಿಸಿದೆ, ಮೂವತ್ತೆಂಟು. ಕೊನೆಯದು ಒಬ್ಬ ಹುಡುಗಿಯದು. ಅವಳು ಬೆಟ್ಟದ ಬುಡದ ಹತ್ತಿರದ ಕರಿಬಂಡೆಯವರೆಗೆ ಬಂದಿದ್ದಳಂತೆ. ಹೆಸರು ಲೇವಿಯಾ. ನನ್ನ ಮಗಳಿಗೆ ಆ ಹೆಸರಿಟ್ಟವಳು ಬುಬುವೇ. ನಾನು ರೋವೆನಾಳಿಗೆ ಅನುವಾದಿಸುತ್ತಿದ್ದೆ. ಆ ಹೆಸರನ್ನೂ ಹೇಳಿದೆ.

ರೋವೆನಾ ನಕ್ಷೆ ಬಿಡಿಸಿದಳು. ಕರಿಬಂಡೆ ಇದ್ದದ್ದು ಮರಳು ಸಿಕ್ಕ ಕೊನೆಯ ಗುಂಡಿಗೂ ಸಿಗದ ಗುಂಡಿಗೂ ನಡುವೆ. ಅಲೆ ನಿಂತದ್ದು ಅಲ್ಲೇ ಎಂದು ಗುರುತು ಹಾಕಿದಳು. ಆಮೇಲೆ, ಭೂಕಂಪವಾದಾಗ ಶಾಲೆ ಏನು ಮಾಡಬೇಕೆಂದು ತಾನೇ ಬರೆದು ತಂದಿದ್ದ ಹಾಳೆ ತೆಗೆದಳು. ಎರಡನೆಯ ಸಾಲು, ಮಕ್ಕಳನ್ನು ಅಂಗಳದಲ್ಲಿ ಸೇರಿಸಿ ಹೆಸರು ಕೂಗಿ ಎಂದಿತ್ತು. ಅದನ್ನು ಹೊಡೆದು ಹಾಕಿ, ಯಾರನ್ನೂ ಕರೆಯಬೇಡಿ, ಓಡಿ ಎಂದು ಬರೆದಳು.

ಅಲೆ ಮತ್ತೆ ಯಾವಾಗ ಬರುತ್ತದೆ ಎಂದು ಕಲ್ತೋಯಿ ಕೇಳಿದ.

“ಗೊತ್ತಿಲ್ಲ,” ಎಂದಳು. “ನಾಳೆ ಬರಬಹುದು, ಇನ್ನೂರು ವರ್ಷ ಬಿಟ್ಟು ಬರಬಹುದು. ಇಂಥ ದಿನ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.”

ಕಲ್ತೋಯಿ ನನ್ನ ಕಡೆ ತಿರುಗಿದ. “ಲೋ ರೇಡಿಯೋ, ಈಯಮ್ಮಂಗೆ ಗೊತ್ತಿಲ್ಲ ಅನ್ನೋಕೆ ಬರುತ್ತಲ್ಲೋ.” ಪೆನ್ನು ಕೇಳಿದ.

ಗೆಣಸಿನ ಕೊಯ್ಲು ಮುಗಿದ ಮೇಲೆ ಶಾಲೆ ಬೆಟ್ಟಕ್ಕೆ ಬಂತು. ಮೊದಲ ದಿನ ಮೇಷ್ಟ್ರು ಹಾಜರಿ ಪುಸ್ತಕ ತೆರೆದು, ಮೊದಲ ಬಾರಿಗೆ ಹೆಸರು ಹಿಡಿದು ಕರೆದರು. ದೊಡ್ಡ ಗಂಟಲು. ಕಿಟಕಿಯಾಚೆ ಇಳಿಜಾರು, ಬಯಲು, ಕಡಲು. ಹದಿನೇಳನೆಯದಾಗಿ ಲೇವಿಯಾ ಎಂದರು. ಸಂಖ್ಯೆಗೆ ಒಗ್ಗಿದ್ದ ನನ್ನ ಮಗಳು ತಕ್ಷಣ ಓಗೊಡಲಿಲ್ಲ. ಮೇಷ್ಟ್ರು ಇನ್ನೂ ಜೋರಾಗಿ ಕೂಗಿದರು.

ಬಾಗಿಲಲ್ಲಿ ಕೂತಿದ್ದ ಬುಬು ಎದ್ದು ಹೋಗಿ ಕಡಲ ಕಡೆಯ ಕಿಟಕಿಯನ್ನು ಎಳೆದು ಮುಚ್ಚಿದಳು.

“ಇದನ್ನ ಹಾಕ್ಕೊಂಡು ಕರೀರಿ ಮೇಷ್ಟ್ರೇ,” ಎಂದಳು. “ಕೆಳಗಿನೋರು ನಿಂತ್ಬಿಡ್ತಾರೆ.”