ಮುಳ್ಳಿಲಿಗೆ ತೋಡಿದ ಗುಂಡಿ

ಮದಕರಿಪುರದ ಕಾಟಮ್ಮ ಕುರಿಮರಿ ಮುಚ್ಚುವ ಮಂಕರಿಯಡಿ ಒಂದು ಮುಳ್ಳಿಲಿಯನ್ನು ಸಾಕಿಕೊಂಡಿದ್ದಳು. ಹೊಲದಲ್ಲಿ ನಾಯಿ ಬಾಯಿಂದ ಬಿಡಿಸಿ ತಂದ ಜೀವ ಅದು. ಅಂಗೈಯಗಲ, ಬೆನ್ನೆಲ್ಲ ಮುಳ್ಳು. "ಹಟ್ಟೀಲಿರೋ ಕುರಿ ಸಾಲ್ದು ಅಂತ ಇದೊಂದು ಬೇರೆ" ಎಂದು ಗಂಡ ಜುಂಜಯ್ಯ ದಿನಾ ಗೊಣಗುತ್ತಿದ್ದ.

ಮಾಗಿಯ ಒಂದು ಬೆಳಿಗ್ಗೆ ಮಂಕರಿ ಎತ್ತಿದರೆ ಅದು ಕಲ್ಲಿನಂತೆ ತಣ್ಣಗೆ ಉಂಡೆಯಾಗಿ ಬಿದ್ದಿತ್ತು. ಮುಟ್ಟಿದರೂ ಮುಳ್ಳು ನಿಮಿರಲಿಲ್ಲ. ಕಾಟಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಜುಂಜಯ್ಯ ಗುದ್ದಲಿ ತಂದು ತಿಪ್ಪೆಯ ಪಕ್ಕ ಗುಂಡಿ ತೋಡಿದ.

"ಕೊಡು ಇಲ್ಲಿ, ಮಣ್ಣು ಮಾಡ್ತೀನಿ. ಕುರಿ ಹೊಡ್ಕಂಡು ಹೋಗ್ಬೇಕು."

ಅವಳಿಗೆ ಕೊಡಲು ಕೈ ಬರಲಿಲ್ಲ. ಚಳಿಗೆ ಸೆಟೆದುಕೊಂಡ ಎಳೆಮರಿಗಳನ್ನೂ ಅವಳು ಬಿಸಿಲು ತೋರಿಸದೆ ಮಣ್ಣಿಗೆ ಕೊಟ್ಟವಳಲ್ಲ. "ಒಂದೀಟು ತಡೀರಿ" ಎಂದು ಮುಳ್ಳಿಲಿಯನ್ನು ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಎಳೆಬಿಸಿಲಿಗೆ ಕೂತಳು.

ಬಿಸಿಲು ಏರಿತು. ಕಂಬಳಿಯೊಳಗೆ ಏನೋ ಮಿಸುಕಿದಂತಾಯಿತು. ಆಮೇಲೆ ತೊಡೆಗೆ ಚುರುಕ್ಕೆಂದು ಚುಚ್ಚಿತು. ಚುಚ್ಚಿದಾಗಲೆಲ್ಲ ಅದರ ವಂಶವನ್ನೇ ಜಾಲಾಡುತ್ತಿದ್ದ ಕಾಟಮ್ಮ ಇವತ್ತು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಳು.

"ಜೀವ ಐತೆ ನೋಡ್ರಿ. ಚಳಿಗೆ ಮಲ್ಕಂಡಿತ್ತು ಅಷ್ಟೆ."

ಕೆಳಗೆ ಬಿಟ್ಟಳು. ಅದು ಮೂಸುತ್ತ ಮೂಸುತ್ತ ನೇರವಾಗಿ ಜುಂಜಯ್ಯ ತೋಡಿದ ಗುಂಡಿಗೇ ಇಳಿಯಿತು. ಹಸಿ ಮಣ್ಣಿಗೆ ಮೂತಿ ತೂರಿಸಿ, ದಪ್ಪನೆಯ ಗೊಬ್ಬರದ ಹುಳವೊಂದನ್ನು ಎಳೆದು ಕಚಕಚ ಅಗಿಯತೊಡಗಿತು.

ಕುರಿ ಹೊಡೆದುಕೊಂಡು ಹೋಗಬೇಕಾದವನು ಇನ್ನೂ ಅಲ್ಲೇ ನಿಂತಿದ್ದ. ಒಂದು ಗಳಿಗೆ ನೋಡಿದ. ಆಮೇಲೆ ಗುದ್ದಲಿ ಎತ್ತಿ, ಅದಕ್ಕೆ ತಾಗದ ಹಾಗೆ, ಗುಂಡಿಯನ್ನು ಇನ್ನೊಂದು ಗೇಣು ಅಗಲಕ್ಕೆ ತೋಡಿದ.