ಮುಂದಿನ ಗೇರಿಗೆ ಕಟ್ಟಿದ ತಂತಿ

ಬೇಕಾದಾಗ ಮುಂದಿನ ಗಾಲಿಗಳೂ ಎಳೆಯುವಂಥ ನನ್ನ ಡೀಸೆಲ್ ಪಿಕಪ್ ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡುತ್ತಿತ್ತು. ಹುಮನಾಬಾದ, ಕಲ್ಯಾಣದ ನಡುವೆ ಓಡುವ ಬೇರೆಯವರ ಗಾಡಿ ಹನ್ನೊಂದು. ನನಗೆ ತಲೆ ಕೆಟ್ಟುಹೋಯಿತು. 1983ರ ಬೇಸಿಗೆಯಲ್ಲಿ ಹುಮನಾಬಾದದ ಮಿಸ್ತ್ರಿ ವೈಜನಾಥನ ಮುಂದೆ ಗಾಡಿ ನಿಲ್ಲಿಸಿ, ಹಿಂದಿನ ಆಕ್ಸಲ್ ಬಿಚ್ಚು ಎಂದೆ.

ಹಳೆಯ ಪಿನಿಯನ್ನಿಗೆ, ಅಂದರೆ ಸಣ್ಣ ಗೇರಿಗೆ, ಎಂಟು ಹಲ್ಲು, ಅದು ತಿರುಗಿಸುವ ಕ್ರೌನ್ ಚಕ್ರಕ್ಕೆ ನಲವತ್ತಮೂರು. ಗಾಲಿ ಒಂದು ಸುತ್ತು ಉರುಳಬೇಕಾದರೆ ಪಿನಿಯನ್ ಐದು ಸುತ್ತಿಗಿಂತ ಹೆಚ್ಚು ತಿರುಗಬೇಕು. ಎಳೆಯುವ ಶಕ್ತಿ ಜಾಸ್ತಿ, ಡೀಸೆಲ್ ಕುಡಿಯುವುದೂ ಜಾಸ್ತಿ. ಗುಜರಿಯಲ್ಲಿ ಸಿಕ್ಕ ಜೋಡಿ ಒಂಬತ್ತಕ್ಕೆ ನಲವತ್ತೊಂದು. ಸುಮಾರು ನಾಲ್ಕೂವರೆ ಸುತ್ತಿಗೇ ಕೆಲಸ ಮುಗಿಯುತ್ತದೆ. ನನ್ನ ಹಮಾಲ ದತ್ತಾತ್ರಿ ಸುಣ್ಣದ ಗುರುತು ಹಾಕಿ ಹಲ್ಲು ಎಣಿಸಿದ. ಶಾಲೆಯ ಮುಖ ಕಾಣದವನು, ಒಂದು ಹಲ್ಲೂ ತಪ್ಪಲಿಲ್ಲ.

"ಒಂದ ಜೋಡಿ ಸಿಕ್ಕದ," ಎಂದ ವೈಜನಾಥ. "ಮುಂದಿನ ಆಕ್ಸಲಿಗಿ ಇಂಥಾದ ಸಿಗೋ ತನಾ ಮುಂದಿನ ಗೇರ್ ಹಾಕಬ್ಯಾಡ್ರಿ. ಹಿಂದಿನ ಗಾಲಿ ಒಂದ ಲೆಕ್ಕ, ಮುಂದಿನ ಗಾಲಿ ಇನ್ನೊಂದ ಲೆಕ್ಕ. ನಡುವಿನ ಗೇರ್ ಡಬ್ಬಿ ಒಡೀತದ. ಎಲ್ಲ್ಯರ ಕಡ್ಡಿ ಸಿಕ್ಕೊಂಡ್ರ ರಿವರ್ಸ್ ತಗೋರಿ, ಬಿಗಿ ಸಡ್ಲಾಗಿ ಬಿಡತದ."

"ನನಗ ಕಲಸಾಕ ಬರಬ್ಯಾಡ."

ಅವನು ಮುಂದಿನ ಗಾಲಿಗಳನ್ನು ಎಳೆತಕ್ಕೆ ಹಚ್ಚುವ ಮುಂದಿನ ಗೇರಿನ ಕಡ್ಡಿಯನ್ನು ತಂತಿಯಿಂದ ಬಿಗಿದು ಕಟ್ಟಿದ. ದತ್ತಾತ್ರಿ ನಕ್ಕ. "ಮೂಗುದಾರ ಹಾಕಿದಂಗಾತ್ರಿ. ಗಾಡಿಗಲ್ಲ ಸಾವಕಾರ, ನಿಮಗ."

ಮೈಲೇಜು ಹನ್ನೊಂದು ದಾಟಿತು. ಏರಿನಲ್ಲಿ ಭಾರ ಎಳೆಯಲಾರದೆ ಗಾಡಿ ಏದುಸಿರು ಬಿಡುತ್ತಿತ್ತು. ಆದರೂ ಪಂಪಿನಲ್ಲಿ ಸಿಕ್ಕವರಿಗೆಲ್ಲ ಹನ್ನೊಂದರ ಮಾತೇ ಹೇಳಿದೆ.

ಮಳೆಗಾಲದಲ್ಲಿ ಮುಡಬಿ ಹತ್ತಿರ ಹೊಲವೊಂದರಲ್ಲಿ ತೋಡುತ್ತಿದ್ದ ಬಾವಿಯಿಂದ ಕಲ್ಲು ತರಲು ಹೋಗಿದ್ದೆವು. ಮೇಲೆತ್ತುವಾಗ ಹಗ್ಗ ಹರಿದು ಕಲ್ಲು ದತ್ತಾತ್ರಿಯ ತೊಡೆಯ ಮೇಲೆ ಬಿತ್ತು. ಅಲ್ಲೇ ಮಣ್ಣು ಹೊರುತ್ತಿದ್ದ ಅವನ ಹೆಂಡತಿ ಸೋನುಬಾಯಿ ಟವೆಲಿನಿಂದ ಬಿಗಿದು ಕಟ್ಟಿದಳು. ರಕ್ತ ನಿಲ್ಲಲಿಲ್ಲ. ಅವನನ್ನು ನನ್ನ ಪಕ್ಕದ ಸೀಟಿನಲ್ಲಿ, ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿ ಕಲ್ಯಾಣದ ದವಾಖಾನೆಗೆ ಹೊರಟೆ.

ಬಂಡಿದಾರಿಯ ಕರಿಮಣ್ಣಿನಲ್ಲಿ ಗಾಡಿ ಕೂತಿತು. ಹಳೆಯ ಹಲ್ಲುಗಳಿದ್ದರೆ ಎದ್ದು ಬರುತ್ತಿತ್ತೇನೋ. ಈಗ ಇಂಜಿನ್ ಗುಂಯ್‌ಗುಟ್ಟಿ ಸತ್ತಿತು. ಪಕ್ಕಡ್ ತೆಗೆದು ತಂತಿ ಕತ್ತರಿಸಿದೆ.

"ಮುಂದಿಂದು ಬ್ಯಾಡ್ರಿ ಸಾವಕಾರ," ಎಂದ ದತ್ತಾತ್ರಿ.

"ಬಾಯಿ ಮುಚ್ಚಿ ಬೀಳಲೇ! ಯಾರ ಸಲುವಾಗಿ ಮಾಡಾಕತ್ತೇನಿ?"

ಇಂಜಿನ್ ಮತ್ತೆ ಚಾಲು ಮಾಡಿ ಮುಂದಿನ ಗೇರ್ ಹಾಕಿದೆ. ಕೆಸರಿನಲ್ಲಿ ನಾಲ್ಕೂ ಗಾಲಿ ಜಾರಿ, ಕಚ್ಚಿ, ಗಾಡಿ ಹೊರಬಂತು. ಡಾಂಬರು ರಸ್ತೆ ಹತ್ತಿದೊಡನೆ ಕಡ್ಡಿ ಹಿಂದಕ್ಕೆ ಎಳೆದೆ. ಬರಲಿಲ್ಲ. ಮುಷ್ಟಿಯಿಂದ ಹೊಡೆದೆ, ಒದ್ದೆ. ಬಿಗಿದು ಕೂತಿತ್ತು.

"ರಿವರ್ಸ್ ತಗೋರಿ. ಎರಡ ಗಜ ಸಾಕು, ಬಿಡತದ." ದತ್ತಾತ್ರಿಯ ದನಿ ಇಳಿದಿತ್ತು.

"ದವಾಖಾನಿ ಮುಂದ ಅದ. ನಾ ಹಿಂದ ಹೋಗಲೇನು?"

"ಸಾವಕಾರ, ರಿವರ್ಸ..."

ಆಕ್ಸಿಲರೇಟರ್ ತುಳಿದೆ. ಟೈರುಗಳು ಕಿರುಚಿದವು, ಗಾಡಿ ಕುಪ್ಪಳಿಸಿತು. ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಕಾಲಡಿಯಲ್ಲಿ ಸಿಡಿಲು ಬಿದ್ದಂತೆ ಡಬ್ಬಿ ಒಡೆಯಿತು. ಎಣ್ಣೆ ರಸ್ತೆಗೆ ಹರಿಯಿತು. ಮಳೆಯಲ್ಲಿ ಯಾವ ಗಾಡಿಯೂ ಬರಲಿಲ್ಲ. ಅರ್ಧ ಗಂಟೆಯಲ್ಲಿ ದತ್ತಾತ್ರಿಯ ಉಸಿರು ನಿಂತಿತು.

ದನ ಹೊಡೆದುಕೊಂಡು ಬಂದ ಮುದುಕನೊಬ್ಬ, "ಏನಾಗ್ಯಾದ್ರಿ?" ಎಂದ.

"ಡಬ್ಬಿ ಹಳೇದಿತ್ತು," ಎಂದೆ.

ಸೋನುಬಾಯಿ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಹಳೇದಲ್ರಿ. ಇವರು ಮೂರ ಸಲ ಹೇಳಿದ್ರು."

ಬೈಯಲು ಬಾಯಿ ತೆರೆದವನು ಗಾಡಿಯಿಂದ ಇಳಿದೆ. 

ಆಮೇಲೆ ಕಲ್ಯಾಣದ ಕಡೆ ಹೋಗುವ ಒಂದು ಬಸ್ಸು ಬಂತು. ಕಂಡಕ್ಟರ್ ಬಗ್ಗಿ ನೋಡಿ, ಹೆಣ ಹತ್ತಿಸಿಕೊಳ್ಳುವುದಿಲ್ಲ ಎಂದು ಸೀಟಿ ಊದಿದ. ಮುದುಕ ಬಂಡಿ ತರಲು ಹೋದ. ಬರುವವರೆಗೆ ನಾನು ಮಳೆಯಲ್ಲಿ ನಿಂತೆ. ನನ್ನ ಗಾಡಿಯೊಳಗೆ ಕೂರುವ ಧೈರ್ಯ ನನಗಾಗಲಿಲ್ಲ.