ಓರಗಿತ್ತಿಯ ಪಾಲು

"ಚಿಕ್ಕತ್ತೆ ಕೊಟ್ರು," ಎನ್ನುತ್ತ ರಂಜಿತಾ ಹಸಿರು ರೇಷ್ಮೆ ಸೀರೆಯನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಳು. ಅತ್ತು ಕಣ್ಣು ಕೆಂಪಾಗಿದ್ದವು.

ಅವರೆಕಾಯಿ ಬಿಡಿಸುತ್ತಿದ್ದ ವನಜಮ್ಮ ತಲೆ ಎತ್ತಲಿಲ್ಲ. "ನನ್ನ ಸೊಸೆಗೆ ಸೀರೆ ಕೊಡೋಕೆ ಅವಳ್ಯಾರು? ನಾನೇನು ಸತ್ತೋದ್ನಾ?"

"ಸಾಯ್ತಿರೋದು ಅವರು, ಅತ್ತೆ."

ಪಕ್ಕದ ಮನೆಯ ಚಿನ್ನಿ ವನಜಮ್ಮನ ಓರಗಿತ್ತಿ. ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದ ಅಣ್ಣತಮ್ಮಂದಿರನ್ನು ಕಟ್ಟಿಕೊಂಡವರು ಇಬ್ಬರೂ. ಆ ಗಂಡಸರು ಈಗಿಲ್ಲ. ಎದೆಯ ಗಂಟಿನ ಆಪರೇಷನ್ ಆದಮೇಲೆ ಚೆನ್ನಾಗಿಯೇ ಇದ್ದ ಚಿನ್ನಿಗೆ ಕಾಯಿಲೆ ಮರಳಿತ್ತು. ಇನ್ನೊಂದು ಸುತ್ತು ಔಷಧಿ ಕೊಡೋಣವೆಂದ ಡಾಕ್ಟರಿಗೆ, "ಸಾಕು ಸಾರ್, ನೋವಿಗೆ ಮಾತ್ರೆ ಕೊಡಿ, ಮನೇಲಿರ್ತೀನಿ" ಎಂದು ಎದ್ದು ಬಂದಿದ್ದಳು. ಬಂದವಳು ಮುಸುಕು ಹೊದ್ದು ಮಲಗಲಿಲ್ಲ. ಶುಂಠಿ ಹೊಲದ ಅಂಚಿನಲ್ಲಿ, ಗಂಡನ ಸಮಾಧಿಯ ಪಕ್ಕದ ಜಾಗವನ್ನು ಮಗ ದೀಪಕ್‌ಗೆ ತೋರಿಸಿ ಕಳೆ ತೆಗೆಸಿದಳು. ಓಲೆ, ಬಳೆ, ಪಾತ್ರೆಗಳನ್ನು ಹಂಚಿದಳು. ಮಾತು ಬಿಟ್ಟಿದ್ದ ನಾದಿನಿಯನ್ನು ಅಮ್ಮತ್ತಿಯಿಂದ ಕರೆಸಿ ಊಟ ಹಾಕಿದಳು.

ಊರಿಗೆ ಊರೇ ಅವಳ ಜಗಲಿಗೆ ಬಂದು ಕೂರತೊಡಗಿತು. "ಎಂಥಾ ಗಟ್ಟಿ ಹೆಂಗಸು!" ಎಂದು ಹೋಗುವವರು ವನಜಮ್ಮನ ಮನೆಯ ಮುಂದೆಯೇ ಹಾದುಹೋಗುತ್ತಿದ್ದರು. ಈ ಮನೆತನಕ್ಕೆ ಮೊದಲು ಬಂದವಳು ವನಜಮ್ಮ, ಮೊದಲು ಹೆತ್ತವಳು, ಮೊದಲು ಗಂಡನನ್ನು ಕಳೆದುಕೊಂಡವಳು. ಹೋಗುವುದರಲ್ಲಿ ಮಾತ್ರ ಕಿರಿಯವಳು ಮುಂದೆ, ಅದೂ ಇಷ್ಟು ಅಚ್ಚುಕಟ್ಟಾಗಿ.

ವನಜಮ್ಮ ಅವರೆಕಾಯಿ ಬದಿಗಿಟ್ಟು ಪೆಟ್ಟಿಗೆ ತೆರೆದಳು. "ಇಗೋ, ನನ್ನ ಧಾರೆ ಸೀರೆ. ನಾನು ಹೋದ್ಮೇಲೆ ನೀನೇ..."

ರಂಜಿತಾ ಅಳುವಿನಲ್ಲೂ ನಕ್ಕುಬಿಟ್ಟಳು. "ನಿಮಗೇನಾಗಿದೆ ಅತ್ತೆ? ಬೆಳಿಗ್ಗೆ ಮೂರು ರೊಟ್ಟಿ ತಿಂದಿದೀರ."

ವನಜಮ್ಮ ಪೆಟ್ಟಿಗೆ ಮುಚ್ಚಿದಳು. ಅವಳನ್ನು ನಿಜವಾಗಿ ಸುಡುತ್ತಿದ್ದುದು ಬೇರೆ: ಚಿನ್ನಿ ಎಲ್ಲರಿಗೂ ಏನೇನೋ ಕೊಟ್ಟಿದ್ದಳು, ತನಗೆ ಮಾತ್ರ ಒಂದು ಲೋಟವನ್ನೂ ಕೊಟ್ಟಿರಲಿಲ್ಲ.

ಮರುದಿನ ಜನ ಬರುವ ಮೊದಲೇ ಚಿನ್ನಿಯ ಮನೆಗೆ ಹೋದಳು. ಕೂರುವುದಕ್ಕೂ ಮುಂಚೆ ಕೇಳಿದಳು, "ಎಲ್ಲಾರೂ ನೆನಪಾದ್ರು, ನಾನೊಬ್ಬಳು ಆಗಲಿಲ್ವೇನೇ?"

"ಬಾಗಿಲು ಹಾಕಕ್ಕ," ಎಂದಳು ಚಿನ್ನಿ. ಅವಳ ಮುಖದಲ್ಲಿ ನಗು ಇರಲಿಲ್ಲ. "ನಾನು ಹೋದ್ಮೇಲೆ ಮೈಗೆ ನೀರು ಹಾಕ್ತಾರಲ್ಲ, ಅದನ್ನ ನೀನೇ ಮಾಡ್ಬೇಕು. ಇನ್ಯಾರನ್ನೂ ಹತ್ರ ಬಿಡಬೇಡ." ಅವಳ ಕೈ ಸೆರಗಿನ ಮೇಲಿಂದಲೇ ಎದೆಯ ಖಾಲಿ ಜಾಗವನ್ನು ಮುಚ್ಚಿಕೊಂಡಿತು. "ಇದನ್ನ ನನ್ನ ಸೊಸೆಗೂ ತೋರಿಸಿಲ್ಲ. ಸಾಯೋಕೆ ಭಯ ಇಲ್ಲ ಕಣಕ್ಕ. ಅಷ್ಟು ಜನ ಹೆಂಗಸ್ರು ಸುತ್ತ ನಿಂತು ನೋಡ್ತಾರಲ್ಲ, ಅದು ನೆನೆಸಿಕೊಂಡ್ರೆ ನಿದ್ದೆ ಬರಲ್ಲ."

ವನಜಮ್ಮನ ಬಾಯಿಗೆ ಬಂದದ್ದು ಅದೇ ಹಳೆಯ ಉರಿ. "ಎಷ್ಟು ಜಾಣೆ ನೀನು! ಮುಂಚೆ ಹೊರಟು ನಿನ್ನ ಕೆಲಸ ಮಾಡಿಸ್ಕೋತೀಯ. ನಂಗ್ಯಾರೇ ನೀರು ಹಾಕೋರು? ನೀನಿರ್ತೀಯ ಅಂತ ಧೈರ್ಯವಾಗಿದ್ದೆ."

ಚಿನ್ನಿ ಅವಳ ಮುಖವನ್ನೇ ನೋಡಿದಳು. ಕೈ ಚಾಚಿ ಅಕ್ಕನ ಮಣಿಕಟ್ಟು ಹಿಡಿದುಕೊಂಡಳು.

ವನಜಮ್ಮ ಮೂಗು ಒರೆಸಿಕೊಂಡು ಕೇಳಿದಳು, "ತಲೆಗೆ ನೀರು ಹಾಕ್ಕೊಂಡು ಎಷ್ಟು ದಿನ ಆಯ್ತು?"

"ಕೈಯೆತ್ತೋಕಾಗಲ್ಲ. ಒದ್ದೆ ಬಟ್ಟೇಲಿ ಒರೆಸ್ಕೋತೀನಿ."

"ಏಳು. ಆವತ್ತಿಂದು ಆವತ್ತಿಗೆ, ಇವತ್ತು ನೀರು ಹಾಕ್ತೀನಿ."

ಕಾಫಿ ಗಿಡದ ಒಣ ಸೌದೆ ಒಟ್ಟಿ ಹಂಡೆ ಕಾಯಿಸಿದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತ ಚಿನ್ನಿ ರವಿಕೆ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿದಳು. ವನಜಮ್ಮ ಅವಳನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು. ಕಂಕುಳವರೆಗೂ ಹರಿದಿದ್ದ ಗಾಯದ ಗೆರೆಯ ಮೇಲೆ ಬಿಸಿನೀರು ಇಳಿಯಿತು.

"ಜಾಸ್ತಿ ಬಿಸಿಯಾ?"

"ಇಲ್ಲ. ಹಾಕು."

ಹೊರಗೆ ದೀಪಕ್ ಬಾಗಿಲು ತಟ್ಟಿದ. "ಅಮ್ಮಾ, ಕರಿಬಸಪ್ಪ ಮೇಷ್ಟ್ರ ಮನೆಯವರೆಲ್ಲ ನೋಡೋಕೆ ಬಂದವ್ರೆ."

"ಕಾಯೋದಾದ್ರೆ ಕಾಯಲಿ, ಇಲ್ದಿದ್ರೆ ಹೋಗ್ಲಿ ಅನ್ನು," ಎಂದು ವನಜಮ್ಮ ಒಳಗಿಂದಲೇ ಕೂಗಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿದಳು.

ಚಿನ್ನಿ ಕಣ್ಣು ಮುಚ್ಚಿ ಕತ್ತು ಬಾಗಿಸಿದಳು. ಅವಳ ಬಿಳಿಗೂದಲಿನ ಸೀಗೆ ನೊರೆ ಕಿವಿಯ ಹಿಂದಿನಿಂದ ಬೆನ್ನಿಗೆ ಜಾರುತ್ತಿತ್ತು. ವನಜಮ್ಮ ಇನ್ನೊಂದು ಚೊಂಬು ತುಂಬಿಕೊಂಡು, ಕಣ್ಣಿಗೆ ಬೀಳದಂತೆ ಹಣೆಗೆ ಅಂಗೈ ಅಡ್ಡ ಹಿಡಿದು, ನಿಧಾನವಾಗಿ ಹುಯ್ದಳು.